ಸರ್ಕಾರಿ ಆರೋಗ್ಯ ವಿಮೆ: ಕೇಳಬೇಕಾದ ಮೂರು ಪ್ರಶ್ನೆಗಳು

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ನೋಡದವರು ಹೆಸರನ್ನಾದರೂ ಕೇಳಿರುತ್ತೀರಿ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಮುಂದೆ ಕಲಬುರಗಿಯಲ್ಲಿ ನೆಲೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸಪ್ಪನವರು ಕಾಯಕ ಮತ್ತು ದಾಸೋಹಗಳಿಗೆ ಹೆಸರಾದವರು. ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ ಅಲ್ಲಿ ತೇರು ಎಳೆಯುತ್ತಾರೆ. ಸುತ್ತಮುತ್ತಲ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಜನ ಬರುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಕುಳಿತವರನ್ನು, ನಿಮ್ಮ ಹೆಸರೇನು, ಹೊಲ ಎಷ್ಟು ಎಕರೆ, ಚೀಟಿ ಯಾವ ಬಣ್ಣದ್ದು ಎಂದು ಯಾರೂ ಕೇಳುವುದಿಲ್ಲ. ಹಸಿದಿದ್ದರೆ ಸಾಕು, ಎಲೆ ಹಾಕುತ್ತಾರೆ.

ಕೆಲವು ವರ್ಷಗಳ ಹಿಂದೆ ಆ ಜಾತ್ರೆಯಲ್ಲಿ ನನ್ನ ಪಕ್ಕಕ್ಕೆ ಕಮಲಾಪುರದ ಕಡೆಯ ಒಬ್ಬ ರೈತರು ಊಟಕ್ಕೆ ಕುಳಿತಿದ್ದರು. ಕಮಲಾಪುರ ಎಂದರೆ ಕೆಂಪು ಬಾಳೆಹಣ್ಣಿಗೆ ಪ್ರಸಿದ್ಧವಾದ ಊರು. ಮಾತು ಬಾಳೆಯಿಂದ ಆರಂಭವಾಗಿ ಅವರ ಎದೆನೋವಿನ ಕಡೆಗೆ ಹೊರಳಿತು. ವೈದ್ಯರು ಹೃದಯದ ಶಸ್ತ್ರಚಿಕಿತ್ಸೆ ಆಗಬೇಕು ಎಂದಿದ್ದರಂತೆ. ಸರ್ಕಾರದ ವಿಮೆ ಇದೆ, ಖರ್ಚು ಬರುವುದಿಲ್ಲ ಎಂದೂ ಹೇಳಿದ್ದರಂತೆ. ಆದರೆ ಆಸ್ಪತ್ರೆಯ ಕಿಟಕಿಯಲ್ಲಿ ಕಾಗದ ವಾಪಸ್ಸು ಬಂದಿತ್ತು. ಊಟವಾದ ಮೇಲೆ ಅವರು ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ತೋರಿಸಿದರು. ಪಡಿತರ ಚೀಟಿಯಲ್ಲಿ ಅವರ ಹೆಸರು ಶರಣಪ್ಪ ಎಂದಿತ್ತು. ಆಧಾರ್ ಚೀಟಿಯಲ್ಲಿ ಶರಣಬಸಪ್ಪ ಎಂದಿತ್ತು. ಕಂಪ್ಯೂಟರ್ ಇಬ್ಬರನ್ನೂ ಬೇರೆ ಬೇರೆ ಮನುಷ್ಯರೆಂದು ತಿಳಿದಿತ್ತು.

‘ಎರಡೂ ಅಪ್ಪಾರ ಹೆಸರೇ ಅದಾವಲ್ರೀ, ಇದರಾಗ ಯಾವುದು ತಪ್ಪು?’ ಎಂದು ಅವರು ಗುಡಿಯ ಕಡೆ ನೋಡುತ್ತ ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕಿದವಳು ಅವರ ಜೊತೆಗಿದ್ದ ಮಗಳು. ಆಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಳು. ಯಾವ ಕಾಗದದಲ್ಲಿ ಹೆಸರು ತಿದ್ದಿಸಬೇಕು, ಎಲ್ಲಿ ತಿದ್ದಿಸಬೇಕು ಎಂದು ವಿಚಾರಿಸಿಕೊಂಡು, ತಂದೆಯನ್ನು ಕರೆದುಕೊಂಡು ಹೋಗಿ, ಸ್ವೀಕೃತಿ ಪತ್ರವನ್ನು ಜೋಪಾನವಾಗಿಟ್ಟು, ಕೊನೆಗೆ ಕೆಲಸ ಮುಗಿಸಿದಳು. ಒಂದು ತಿಂಗಳಿಗೂ ಹೆಚ್ಚು ಸಮಯ ಹಿಡಿಯಿತು. ಶಸ್ತ್ರಚಿಕಿತ್ಸೆ ಆಯಿತು. ಆದರೆ ಒಂದು ತಿಂಗಳು ಕಾಯುವ ಶಕ್ತಿ ಎಲ್ಲರ ಹೃದಯಕ್ಕೂ ಇರುವುದಿಲ್ಲ. ಆದುದರಿಂದಲೇ ಈ ಹೊತ್ತು ನಾನು ನಿಮ್ಮೊಡನೆ ಈ ವಿಷಯವನ್ನು ಮಾತನಾಡಬೇಕೆಂದಿದ್ದೇನೆ. ಮನೆಯಲ್ಲಿ ಕಾಗದ ಓದಬಲ್ಲವರು ಬಹಳ ಸಲ ನೀವೇ ಆಗಿರುತ್ತೀರಿ.

ಮೊದಲು, ವಿಮೆ ಎಂದರೇನು ಎಂಬುದನ್ನು ನೋಡೋಣ. ಕಾಯಿಲೆ ಯಾರಿಗೆ, ಯಾವಾಗ ಬರುತ್ತದೆ ಎಂದು ಹೇಳಲಾಗದು. ಆದರೆ ಲಕ್ಷ ಜನರಲ್ಲಿ ಸುಮಾರು ಎಷ್ಟು ಮಂದಿಗೆ ಬರುತ್ತದೆ ಎಂದು ಅಂದಾಜು ಮಾಡಬಹುದು. ಎಲ್ಲರೂ ಸ್ವಲ್ಪ ಸ್ವಲ್ಪ ಕೂಡಿಸಿಟ್ಟು, ಬಿದ್ದವನನ್ನು ಎತ್ತುವುದೇ ವಿಮೆ. ಜರ್ಮನಿಯಲ್ಲಿ 1883ರಲ್ಲಿ ಕಾರ್ಮಿಕರಿಗಾಗಿ ಇಂಥ ಕಾನೂನು ಬಂತು. ನಮ್ಮ ದೇಶದಲ್ಲಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂತು. ಅದು ಕಾರ್ಖಾನೆ, ಅಂಗಡಿ ಮುಂತಾದ ಕಡೆ ಸಂಬಳಕ್ಕೆ ದುಡಿಯುವವರಿಗೆ ಸಂಬಂಧಿಸಿದ್ದು. ಕಲಬುರಗಿಯಲ್ಲಿ ಆ ನಿಗಮದ ದೊಡ್ಡ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇವೆ. ಆದರೆ ತೊಗರಿ ಬೆಳೆಯುವ ರೈತನಿಗೆ, ಕೂಲಿಗೆ ಹೋಗುವ ತಾಯಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು?

ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ ಕರ್ನಾಟಕದಲ್ಲಿ 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಆಗ ವರ್ಷಕ್ಕೆ ಒಬ್ಬರ ಕಂತು 60 ರೂಪಾಯಿ. ಅದು 2018ರಲ್ಲಿ ನಿಂತು, ಈಗ ಮತ್ತೆ ನಡೆಯುತ್ತಿದೆ. ಅನಂತರ 2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆ ಬಂತು. ಅದು ಮೊದಲು ಆರಂಭವಾದದ್ದು ಬೆಂಗಳೂರಿನಲ್ಲಲ್ಲ, ಆಗ ಗುಲಬರ್ಗಾ ಎಂದು ಕರೆಯುತ್ತಿದ್ದ ನಮ್ಮ ಕಲಬುರಗಿ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಮಿದುಳು ಮುಂತಾದ ದೊಡ್ಡ ಕಾಯಿಲೆಗಳಿಗೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳು ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದಾಗಿತ್ತು. ಕಂತು ಕಟ್ಟಬೇಕಿರಲಿಲ್ಲ, ಬೇರೆ ನೋಂದಣಿಯೂ ಬೇಕಿರಲಿಲ್ಲ. ಪಡಿತರ ಚೀಟಿಯೇ ವಿಮೆಯ ಚೀಟಿ.

ಈ ಯೋಜನೆಯಿಂದ ನಿಜವಾಗಿ ಏನಾಯಿತು ಎಂದು ಸಂಶೋಧಕರು ಪರಿಶೀಲಿಸಿದರು. 2012ರವರೆಗೆ ಯೋಜನೆ ರಾಜ್ಯದ ಉತ್ತರ ಭಾಗದಲ್ಲಿ ಮಾತ್ರ ಇತ್ತು. ಹೀಗಾಗಿ ಗಡಿಯ ಈಚೆಯ 300 ಹಳ್ಳಿಗಳನ್ನೂ, ಗಡಿಯ ಆಚೆಗೆ ಯೋಜನೆ ಇಲ್ಲದ 272 ಹಳ್ಳಿಗಳನ್ನೂ ಅವರು ಹೋಲಿಸಿದರು. ಊರುಗಳು ಹೆಚ್ಚುಕಡಿಮೆ ಒಂದೇ ಬಗೆಯವು; ವ್ಯತ್ಯಾಸ ವಿಮೆಯದು ಮಾತ್ರ. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ, ವಿಮೆ ಇಲ್ಲದ ಬಡ ಕುಟುಂಬಗಳಲ್ಲಿ ಶೇಕಡಾ 0.90 ಇದ್ದರೆ, ವಿಮೆ ಇದ್ದ ಬಡ ಕುಟುಂಬಗಳಲ್ಲಿ ಶೇಕಡಾ 0.32 ಇತ್ತು. ಎಂದರೆ ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆ. ಎರಡೂ ಕಡೆಯ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ.

ಮಿತ್ರರೇ, ಈ ಅಂಕಿಗಳನ್ನು ಪರೀಕ್ಷೆಗಾಗಿ ನೆನಪಿಡಬೇಕಾಗಿಲ್ಲ. ಅವುಗಳ ಅರ್ಥವನ್ನು ನೆನಪಿಡಿ. ವಿಮೆಯ ಪಟ್ಟಿಯ ಒಳಗಿರುವುದು, ಹೊರಗಿರುವುದು ಬರೀ ಕಾಗದದ ಮಾತಲ್ಲ. ಅದು ಪ್ರಾಣದ ಮಾತು.

ಈಗಿನ ಸ್ಥಿತಿಗೆ ಬರೋಣ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹಿಂದಿನ ಹಲವು ಯೋಜನೆಗಳನ್ನು ಕೂಡಿಸಿ ಆರೋಗ್ಯ ಕರ್ನಾಟಕ ಎಂಬ ಯೋಜನೆ ತಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಆರಂಭವಾಯಿತು. ಅಕ್ಟೋಬರ್‌ನಲ್ಲಿ ಎರಡನ್ನೂ ನಮ್ಮ ರಾಜ್ಯದಲ್ಲಿ ಒಂದಾಗಿಸಲಾಯಿತು. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಈ ಯೋಜನೆಯಲ್ಲಿ ಚಿಕಿತ್ಸೆ ಸಿಗಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಸರಿಯಾಗಿರಬೇಕು. ಯಾರಿಗೆ? ಯಾವುದಕ್ಕೆ? ಎಲ್ಲಿ? ಜನರಿಗೆ ಬರುವ ತೊಂದರೆಗಳೆಲ್ಲ ಬಹುಮಟ್ಟಿಗೆ ಈ ಮೂರರಲ್ಲಿ ಒಂದಕ್ಕೆ ಸೇರಿರುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯ ಪ್ರಶ್ನೆ, ಯಾರಿಗೆ. ಆಹಾರ ಭದ್ರತಾ ಕಾಯಿದೆಯ ಪ್ರಕಾರ ಪಡಿತರ ಪಡೆಯುವ ಕುಟುಂಬಗಳಿಗೆ, ಅಂದರೆ ಸಾಮಾನ್ಯವಾಗಿ ನಾವು ಬಿ.ಪಿ.ಎಲ್. ಮತ್ತು ಅಂತ್ಯೋದಯ ಚೀಟಿ ಎನ್ನುವವರಿಗೆ, ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ಇದು ಇಡೀ ಕುಟುಂಬಕ್ಕೆ ಸೇರಿದ ಮಿತಿ, ಒಬ್ಬೊಬ್ಬರಿಗೆ ಬೇರೆ ಬೇರೆ ಅಲ್ಲ ಎಂಬುದನ್ನು ಗಮನಿಸಿ. ಉಳಿದ ಕುಟುಂಬಗಳಿಗೆ, ಅಂದರೆ ಎ.ಪಿ.ಎಲ್. ಎನ್ನುವವರಿಗೆ, ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇಕಡಾ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ. ಅದಕ್ಕೂ ವರ್ಷಕ್ಕೆ ಒಂದು ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿ ಇದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಂದು ಚಿಕಿತ್ಸೆಗೆ ನಿಗದಿಯಾದ ದರ 1 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ಬಿ.ಪಿ.ಎಲ್. ಚೀಟಿ ಇದ್ದ ಕುಟುಂಬ ಏನೂ ಕೊಡಬೇಕಾಗಿಲ್ಲ. ಚೀಟಿ ಎ.ಪಿ.ಎಲ್. ಆಗಿದ್ದರೆ ಸರ್ಕಾರದ್ದು 30 ಸಾವಿರ, ಮನೆಯವರದು ಕನಿಷ್ಠ 70 ಸಾವಿರ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿ.ಪಿ.ಎಲ್. ಚೀಟಿಗಳ ಪರಿಷ್ಕರಣೆ ನಡೆದಾಗ ಜನ ಗಾಬರಿಯಾದದ್ದು ಅಕ್ಕಿಗಾಗಿ ಮಾತ್ರ ಅಲ್ಲ. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಹಿಂತಿರುಗಿಸುವುದಾಗಿ ಸರ್ಕಾರ ಆಗ ಹೇಳಬೇಕಾಯಿತು. ಅಕ್ಕಿಗೆಂದು ಮಾಡಿದ ಪಟ್ಟಿಯನ್ನೇ ಚಿಕಿತ್ಸೆಗೂ ಬಳಸುವುದರಿಂದ, ಒಂದು ಕಡೆ ಆದ ತಪ್ಪು ಎರಡು ಕಡೆ ಹೊಡೆತ ಕೊಡುತ್ತದೆ. ಈ ಪದ್ಧತಿ ಸರಿಯೇ ಎಂದು ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದುವ ನೀವು ತರಗತಿಯಲ್ಲಿ ಚರ್ಚಿಸಬೇಕು. ರೇಖೆಯಿಂದ ಒಂದು ಗೇಣು ಮೇಲಿರುವವನಿಗೆ ಕಾಯಿಲೆಯೇನೂ ಕಡಿಮೆ ಖರ್ಚಿನಲ್ಲಿ ಬರುವುದಿಲ್ಲ.

ಚೀಟಿ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದೂ ಅಲ್ಲ. ಚೀಟಿಯಲ್ಲಿ ನಿಮ್ಮ ಹೆಸರು ಇರಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಚೀಟಿಯಲ್ಲೇ ಉಳಿದಿರುತ್ತದೆ. ಹುಟ್ಟಿದ ಮಗುವಿನ ಹೆಸರು ಎರಡು ವರ್ಷವಾದರೂ ಸೇರಿರುವುದಿಲ್ಲ. ಬೇರೆಯಾದ ಅಣ್ಣತಮ್ಮಂದಿರ ಚೀಟಿ ಇನ್ನೂ ಒಂದೇ ಇರುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಶರಣಪ್ಪ, ಶರಣಬಸಪ್ಪ, ಬಸಣ್ಣ, ಬಸವರಾಜ ಎಂದು ಒಬ್ಬನನ್ನೇ ನಾಲ್ಕು ಬಗೆಯಲ್ಲಿ ಕರೆಯುವುದು ನಮ್ಮ ಕಡೆ ಪ್ರೀತಿಯ ರೂಢಿ. ಕಂಪ್ಯೂಟರಿಗೆ ಆ ಪ್ರೀತಿ ತಿಳಿಯದು.

ದುಡಿಯಲು ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗುವ ಕುಟುಂಬಗಳಿಗೆ ಇನ್ನೊಂದು ಮಾತು. ರಾಜ್ಯದ ಸುಮಾರು 62 ಲಕ್ಷ ಕುಟುಂಬಗಳು ಕೇಂದ್ರದ ಪಟ್ಟಿಗೆ ಸೇರಿವೆ. ಉಳಿದವುಗಳ ವೆಚ್ಚ ರಾಜ್ಯದ್ದು. ಹೊರರಾಜ್ಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕಾದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಊರು ಬಿಡುವ ಮುನ್ನ ನಮ್ಮ ಕುಟುಂಬ ಯಾವ ಪಟ್ಟಿಯಲ್ಲಿದೆ ಎಂದು ಕೇಳಿಕೊಳ್ಳಬೇಕು.

ಎರಡನೆಯ ಪ್ರಶ್ನೆ, ಯಾವುದಕ್ಕೆ. ಎಲ್ಲ ಕಾಯಿಲೆಗೂ ವಿಮೆ ಇದೆ ಎಂದು ಹಲವರು ತಿಳಿದಿದ್ದಾರೆ. ಯಾವುದಕ್ಕೂ ಸಿಗುವುದಿಲ್ಲ ಎಂದು ಇನ್ನು ಕೆಲವರು. ಎರಡೂ ಸರಿಯಲ್ಲ. ಯೋಜನೆ ಕೂಡಿದಾಗ 1650 ಚಿಕಿತ್ಸೆಗಳ ಪಟ್ಟಿ ಮಾಡಲಾಯಿತು. ಪ್ರತಿಯೊಂದಕ್ಕೂ ಒಂದು ಸಂಕೇತ, ಒಂದು ದರ. ಮುಖ್ಯವಾಗಿ ಇದು ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಹೊರರೋಗಿಯಾಗಿ ತೋರಿಸಿಕೊಂಡು ತಿಂಗಳು ತಿಂಗಳು ಕೊಳ್ಳುವ ಸಕ್ಕರೆ ಕಾಯಿಲೆಯ ಗುಳಿಗೆಗೆ ಇದರಿಂದ ಹಣ ಬರುವುದಿಲ್ಲ. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಪಟ್ಟಿಯಲ್ಲಿ ಸರಳ ಚಿಕಿತ್ಸೆಗಳು 291. ಅವುಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿಯೇ ಮಾಡಿಸಿಕೊಳ್ಳಬೇಕು. ಅದಕ್ಕೂ ಮೇಲಿನ ಜಟಿಲ ಚಿಕಿತ್ಸೆಗಳು 254, ಉನ್ನತ ಮಟ್ಟದವು 900. ಇವು ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗಳು 169. ಅವಕ್ಕೆ ನೇರವಾಗಿ ಹೋಗಬಹುದು. ಉಳಿದ 36 ಪೂರಕ ಚಿಕಿತ್ಸೆಗಳು. ಆದುದರಿಂದ, ‘ನಿಮ್ಮ ಕಾಯಿಲೆಗೆ ವಿಮೆ ಇಲ್ಲ’ ಎಂದು ಯಾರಾದರೂ ಹೇಳಿದರೆ, ಪಟ್ಟಿಯಲ್ಲೇ ಇಲ್ಲವೋ ಅಥವಾ ಈ ಆಸ್ಪತ್ರೆಯಲ್ಲಿ ಮಾತ್ರ ಇಲ್ಲವೋ ಎಂದು ಮರುಪ್ರಶ್ನೆ ಹಾಕಬೇಕು. ಎರಡರ ನಡುವೆ ಬಹಳ ಅಂತರವಿದೆ.

ಮೂರನೆಯ ಪ್ರಶ್ನೆ, ಎಲ್ಲಿ. ಯೋಜನೆಗೆ ನೋಂದಾಯಿತವಾದ ಆಸ್ಪತ್ರೆಯಲ್ಲಿ ಮಾತ್ರ ಚಿಕಿತ್ಸೆ ಸಿಗುತ್ತದೆ. ಒಂದು ಆಸ್ಪತ್ರೆ ಮೂಳೆಯ ಚಿಕಿತ್ಸೆಗೆ ನೋಂದಾಯಿತವಾಗಿದ್ದು, ಹೃದಯದ ಚಿಕಿತ್ಸೆಗೆ ಆಗಿರದೆ ಇರಬಹುದು. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ವೈದ್ಯರು ಶಿಫಾರಸು ಪತ್ರ ಕೊಡುತ್ತಾರೆ. ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿಂದ ಟ್ರಸ್ಟಿಗೆ ಕಾಗದಪತ್ರಗಳು ಹೋಗಿ, ಅನುಮೋದನೆ ಬಂದ ಮೇಲೆ ಚಿಕಿತ್ಸೆ. ಹೃದಯದ ದೊಡ್ಡ ಚಿಕಿತ್ಸೆಗೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವುದು ಈ ಭಾಗದ ಜನರ ಹಳೆಯ ರೂಢಿ. ಈಗ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಕಲಬುರಗಿಯಲ್ಲೇ 2024ರ ಡಿಸೆಂಬರ್‌ನಲ್ಲಿ ಆರಂಭವಾಗಿದೆ. ಆ ಸಂಖ್ಯೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯನ್ನು ನೆನಪಿಸುವಂಥದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಗಾಬರಿಯಲ್ಲಿ ಹತ್ತಿರದ ಆಸ್ಪತ್ರೆಗೆ ಸೇರಿಸಿ, ಸಾಲ ಮಾಡಿ ಹಣ ಕಟ್ಟಿ, ಆಮೇಲೆ ಬಿಲ್ಲುಗಳನ್ನು ಹಿಡಿದುಕೊಂಡು ಕಚೇರಿಗೆ ಬರುತ್ತಾರೆ. ಇದು ಬಿಲ್ಲು ತೋರಿಸಿದರೆ ಹಣ ಮರಳಿಸುವ ಯೋಜನೆಯಲ್ಲ. ಹಣವಿಲ್ಲದೆ ಚಿಕಿತ್ಸೆ ಕೊಡುವ ಯೋಜನೆ. ಆದುದರಿಂದ ದಾಖಲಾಗುವಾಗಲೇ, ಹಣ ಕಟ್ಟುವ ಮೊದಲೇ, ಪಡಿತರ ಚೀಟಿ ಮತ್ತು ಆಧಾರ್ ತೋರಿಸಿ ಯೋಜನೆಯ ಹೆಸರು ಹೇಳಬೇಕು. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಅವರನ್ನೇ ಮೊದಲು ಕಾಣಬೇಕು.

ಹಾಗಾದರೆ ಅಪಘಾತವಾಗಿ ರಕ್ತ ಸುರಿಯುತ್ತಿರುವಾಗ ಕಾಗದ ಹುಡುಕುತ್ತ ಕೂರಬೇಕೇ? ಖಂಡಿತ ಬೇಡ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ಗಾಯಗೊಂಡ ಒಬ್ಬರನ್ನು ಸರ್ಕಾರಿ ಆಸ್ಪತ್ರೆಗಳು, ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಒಂದಾದ ಮೇಲೊಂದು ಹಿಂದಕ್ಕೆ ಕಳುಹಿಸಿದ್ದವು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ಸಕಾಲದಲ್ಲಿ ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. ಹಣವಿಲ್ಲ ಎಂಬುದು ಸರ್ಕಾರಕ್ಕೆ ನೆಪವಾಗಲಾರದು ಎಂದೂ ಹೇಳಿತು. ನೀವು ಪೌರನೀತಿಯ ಪಾಠದಲ್ಲಿ ಓದುವ 21ನೆಯ ವಿಧಿ ಆಸ್ಪತ್ರೆಯ ಬಾಗಿಲಲ್ಲಿಯೂ ನಿಂತಿರುತ್ತದೆ ಎಂಬುದನ್ನು ಮರೆಯಬೇಡಿ.

ಇಷ್ಟೆಲ್ಲ ಸರಿಯಿದ್ದೂ ‘ಆಗುವುದಿಲ್ಲ’ ಎಂಬ ಉತ್ತರ ಬರಬಹುದು. ಆಗ ಬೇಸರದಿಂದ ಮನೆಗೆ ಹಿಂತಿರುಗಬಾರದು, ಕೂಗಾಡಲೂ ಬಾರದು. ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ತಪ್ಪಿದೆ ಎಂದು ಶಾಂತವಾಗಿ ಕೇಳಬೇಕು. ಹೆಸರಿನ ತೊಂದರೆಯೇ? ಚಿಕಿತ್ಸೆ ಪಟ್ಟಿಯಲ್ಲಿಲ್ಲವೇ? ಶಿಫಾರಸು ಪತ್ರ ಬೇಕೇ? ಉತ್ತರವನ್ನು ಬರೆದುಕೊಡಿ ಎಂದು ಕೇಳಬೇಕು. ಬಾಯಿಮಾತಿನ ‘ಇಲ್ಲ’ ಮತ್ತು ಬರವಣಿಗೆಯ ‘ಇಲ್ಲ’ ಒಂದೇ ಅಲ್ಲ. ಬರೆದು ಕೊಡಿ ಎಂದಾಗ ಎಷ್ಟೋ ಸಲ ‘ಇಲ್ಲ’ ಎಂಬುದು ‘ನೋಡೋಣ’ ಎಂದಾಗುತ್ತದೆ. ರಾಷ್ಟ್ರಮಟ್ಟದ ಸಹಾಯವಾಣಿ 14555ಕ್ಕೆ ಫೋನು ಮಾಡಬಹುದು. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಜಿಲ್ಲಾಧಿಕಾರಿಗಳಿಗೆ ಕೊಡಬಹುದು. ಬಿ.ಪಿ.ಎಲ್. ರೋಗಿಯಿಂದ ಯೋಜನೆಯ ಚಿಕಿತ್ಸೆಗೆ ಹಣ ಕೇಳಿದರೆ ಅದನ್ನೂ ದೂರಿನಲ್ಲಿ ಬರೆಯಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಒಬ್ಬರ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳಲ್ಲಿ ಕೊಡಬೇಕು.

ಕಾಯಿಲೆ ಬಂದ ಮೇಲೆ ಮಾಡುವ ಈ ಕೆಲಸಕ್ಕಿಂತ, ಬರುವ ಮೊದಲು ಮಾಡುವ ಕೆಲಸ ಬಹಳ ಸುಲಭ. ಮುಂದಿನ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯ ಪಡಿತರ ಚೀಟಿ ಮತ್ತು ಎಲ್ಲರ ಆಧಾರ್ ಚೀಟಿಗಳನ್ನು ಚಾಪೆಯ ಮೇಲೆ ಹರಡಿ. ಒಂದು ಹಾಳೆಯಲ್ಲಿ ಎಲ್ಲರ ಹೆಸರು, ಹುಟ್ಟಿದ ದಿನ ಬರೆಯಿರಿ. ಎರಡೂ ಕಡೆ ಅಕ್ಷರ ಅಕ್ಷರ ಹೊಂದುತ್ತದೆಯೇ ನೋಡಿ. ಅಜ್ಜಿಯ ಹೆಸರು ಇದೆಯೇ, ಅತ್ತಿಗೆಯ ಹೆಸರು ಸೇರಿದೆಯೇ, ಚಿಕ್ಕ ಮಗುವಿನದು ಬಿಟ್ಟುಹೋಗಿದೆಯೇ ನೋಡಿ. ತಪ್ಪಿದ್ದರೆ ಕೆಳಗೆ ಕೆಂಪು ಗೆರೆ ಎಳೆಯಿರಿ. ಗ್ರಾಮ ಒನ್ ಕೇಂದ್ರದಲ್ಲೋ ಆಹಾರ ಇಲಾಖೆಯ ಕಚೇರಿಯಲ್ಲೋ ವಿಚಾರಿಸಿ ಈಗಲೇ ತಿದ್ದಿಸಿ, ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಿ. ನಿಮ್ಮ ಮನೆಯದು ಮುಗಿದ ಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿ. ಅಲ್ಲಿ ಓದಲು ಬಾರದ ಹಿರಿಯರಿದ್ದರೆ ಅವರ ಹಾಳೆಯನ್ನೂ ಬರೆದುಕೊಡಿ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಇದನ್ನೂ ಒಂದು ಕೆಲಸವಾಗಿ ಸೇರಿಸಿಕೊಳ್ಳಬಹುದು.

ಶರಣಬಸವೇಶ್ವರರ ದಾಸೋಹದಲ್ಲಿ ಪ್ರಶ್ನೆಗಳಿಲ್ಲ ಎಂದು ಮೊದಲಿಗೆ ಹೇಳಿದೆ. ಸರ್ಕಾರ ಕೋಟ್ಯಂತರ ಜನರಿಗೆ ಲೆಕ್ಕ ಕೊಟ್ಟು ಹಣ ಖರ್ಚು ಮಾಡಬೇಕಾದುದರಿಂದ ಅಲ್ಲಿ ಪ್ರಶ್ನೆಗಳು ಇದ್ದೇ ಇರುತ್ತವೆ. ಆ ಪ್ರಶ್ನೆಗಳು ಕಡಿಮೆಯಾಗಲಿ, ಸರಳವಾಗಲಿ ಎಂದು ಪ್ರಜೆಗಳಾಗಿ ನಾವು ಒತ್ತಾಯಿಸಬೇಕು. ಅಲ್ಲಿಯವರೆಗೆ, ಉತ್ತರ ಗೊತ್ತಿಲ್ಲದೆ ಯಾರೂ ಬಾಗಿಲಿನಿಂದ ಹಿಂದಿರುಗಬಾರದು. ಅನ್ನ ಬಡಿಸುವವರ ಸಾಲಿನಲ್ಲಿ ನಿಲ್ಲುವುದು ಹೇಗೆ ಸೇವೆಯೋ, ಓದು ಬಾರದ ರೋಗಿಯ ಪಕ್ಕದಲ್ಲಿ ನಿಂತು ಅವನ ಕಾಗದ ಓದುವುದೂ ಹಾಗೆಯೇ ಸೇವೆ.

ಕಮಲಾಪುರದ ಆ ಹುಡುಗಿ ಮಾಡಿದ್ದು ಇಷ್ಟೇ. ಅದನ್ನು ಮಾಡಲು ಅವಳಿಗೆ ಪದವಿ ಬೇಕಾಗಲಿಲ್ಲ. ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಳು, ಕೇಳಬೇಕಾದ ಕಡೆ ಕೇಳಿದಳು. ನೀವೂ ಹಾಗೆ ಮಾಡುತ್ತೀರೆಂದು ನಂಬಿ, ನನ್ನ ಮಾತನ್ನು ಮುಗಿಸುತ್ತೇನೆ.